ಭಾವನ ಪೆಗ್ಗು, ವೈನಿಯ ತೂಕ

ಸುಹಾಸಿನಿ ವೈನಿ ಎಲ್ಲಿ ಕುಸಿದು ಬೀಳುತ್ತಾರೋ ಎಂಬ ಭಯ ನನ್ನನ್ನು ಬಿಡುತ್ತಲೇ ಇರಲಿಲ್ಲ. ಮಗುವಿಗೆ ಹಾಲೂಡಿಸುವಾಗಲೂ ನನ್ನ ಕಿವಿ ಅಡುಗೆಮನೆಯ ಕಡೆಗೇ. ವೈನಿ ನನ್ನ ಗಂಡನ ಅಣ್ಣನ ಹೆಂಡತಿ. ಬನಹಟ್ಟಿಯ ನಮ್ಮ ಮನೆಯಲ್ಲಿ ಅವರು ಗಂಡ ಉಂಡೆದ್ದ ಮೇಲೆ ಅದೇ ತಾಟಿನಲ್ಲಿ ಉಣ್ಣುವವರು. ಇಷ್ಟು ವರ್ಷ ಅದು ಹೇಗೋ ನಡೆದಿತ್ತು. ಅವರ ಗಂಡ, ಬ್ಯಾಂಕಿನಲ್ಲಿರುವ ನಂದಕಿಶೋರ ಭಾವ, ಹೊಟ್ಟೆ ಕರಗಿಸಲು ಹೊರಟ ಮೇಲೆ ಕೆಟ್ಟಿತು.

ವ್ಹಿಸ್ಕಿ ಬಿಡಲು ಅವರಿಗೆ ಆಗದು. ಅದರ ಕ್ಯಾಲರಿಗೆ ಜಾಗ ಮಾಡಲು ರಾತ್ರಿಯ ಊಟ ಬಿಟ್ಟರು; ಮಧ್ಯಾಹ್ನ ಹೇಗೂ ಬ್ಯಾಂಕಿನಲ್ಲೇ ಉಣ್ಣುವುದರಿಂದ ಮನೆಯಲ್ಲಿ ಅವರು ತಾಟಿನ ಮುಂದೆ ಕೂರುವುದೇ ನಿಂತಿತು. "ಎರಡ ಪೆಗ್ಗಿಗೆ ಎರಡ ರೊಟ್ಟಿ ವಜಾ, ಲೆಕ್ಕ ಸರಿ ಆತು," ಎನ್ನುತ್ತಾರೆ. ಜೊತೆಗೆ ಮುಕ್ಕುವ ಕರಿದ ಶೇಂಗಾ ಮಾತ್ರ ಯಾವ ಲೆಕ್ಕಕ್ಕೂ ಬರುವುದಿಲ್ಲ.

"ನೀವರೆ ಉಣ್ರಿ ವೈನಿ," ಎಂದೆ ಒಮ್ಮೆ.

"ಅವರು ಉಣ್ಣದ ನಾ ಹ್ಯಾಂಗ ಉಣ್ಲಿ?"

ಭಾವ ಗ್ಲಾಸು ಹಿಡಿದೇ ನಕ್ಕರು. "ಬಿಡವಾ, ಆಕಿಗೂ ಪುಕ್ಕಟೆ ಡಯಟ್ ಆತು. ಮೊದಲ ಬಾಗಲಾ ತುಂಬತಿದ್ದಳು, ಈಗ ನೋಡು!"

ಭಾವನ ಹೊಟ್ಟೆ ಇದ್ದಂತೆಯೇ ಇದೆ. ವೈನಿಯ ಬಳೆಗಳು ಮೊಣಕೈವರೆಗೆ ಜಾರುತ್ತವೆ. ಇಂದು ಬೆಳಿಗ್ಗೆ ಅವರು ನೀರಿನ ಕೊಡದೊಂದಿಗೆ ಅಂಗಳದಲ್ಲಿ ಬಿದ್ದರು. ಭಾವ ಮೊದಲು ಎತ್ತಿದ್ದು ಕೊಡವನ್ನು.

ಕೊನೆಗೂ ಮುಧೋಳದಲ್ಲಿರುವ ವೈನಿಯ ಅಣ್ಣ ರಘುವೀರ ಅವರಿಗೆ ಫೋನ್ ಮಾಡಿದೆ. "ನಿಮ್ಮ ತಂಗಿ ಬರೇ ಎಲಬಾಗ್ಯಾರ್ರೀ. ಬಂದು ಕರಕೊಂಡು ಹೋಗ್ರಿ."

"ಖರೇನ? ಅಷ್ಟು ತೆಳ್ಳಗಾಗ್ಯಾಳ?" ಅವರ ದನಿ ಅರಳಿತು. "ಏನ ಮಾಡಿದಳು ಕೇಳ್ರಿ. ನಮ್ಮಾಕಿಗೂ ಹೇಳಬೇಕು."