ಟಿ.ವಿ.ಯಲ್ಲಿ ಹನ್ನೆರಡು ಜನರ ಕೈರಂಪಣಿ

ನಾನು ಚಿಕ್ಕವಳಿದ್ದಾಗ ಮಾವ ದುಬೈಯಿಂದ ತಂದ, ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಇನ್ನೂ ಕೆಡದೆ ಉಳಿದಿತ್ತು. ಅಂಥ ಹಳೆಯ ಯಂತ್ರಗಳಿಗೆ ಹೊಸ ಆಟ ಬರೆಯುವವರು ಈಗಲೂ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು. ಮಣಿಪಾಲದಲ್ಲಿ ಕೆಲಸ, ಕಾಪುವಿನಲ್ಲಿ ಮನೆ. ಎರಡು ವರ್ಷಗಳ ಭಾನುವಾರಗಳನ್ನೆಲ್ಲ ಒಂದು ಆಟಕ್ಕೆ ಸುರಿದಿದ್ದೆ. ದಡದಲ್ಲಿ ಸಾಲಾಗಿ ನಿಂತು ಸಮುದ್ರದಿಂದ ಬಲೆ ಎಳೆಯುವ ಕೈರಂಪಣಿಯ ಆಟ. ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸವದು.

ಕಾರ್ಕಳದ ರಿಪೇರಿ ಅಂಗಡಿಯಿಂದ ತಂದ ಡಬ್ಬಾ ಟಿ.ವಿ.ಯಲ್ಲಿ ಮೊದಲ ಸಲ ತೋರಿಸಿದಾಗ ಅಪ್ಪ ಹತ್ತಿರ ಬಂದು ಎಣಿಸಿದರು.

"ಎಂತ ಮಗಾ, ನಾಲ್ಕೇ ಜನ ಉಂಟಲ್ಲ?"

"ಹನ್ನೆರಡು ಜನರನ್ನು ಹಾಕಿದ್ದೇನೆ ಅಪ್ಪ. ಒಂದೇ ಸಾಲಿನಲ್ಲಿ ಅಷ್ಟು ಜನ ಓಡಾಡಿದರೆ ಈ ಯಂತ್ರಕ್ಕೆ ತೋರಿಸಲಿಕ್ಕೆ ಆಗುವುದಿಲ್ಲ. ಉಳಿದವರು ಮಾಯ."

"ನಾಲ್ಕು ಜನ ಎಳೆದರೆ ಬಲೆ ಬರುವುದಿಲ್ಲ, ಸೊಂಟ ಹೋಗುತ್ತದೆ."

ನನ್ನ ಮುಖ ಸಣ್ಣದಾಯಿತು. ಆದರೆ ಅವರ ಮಾತು ಸರಿಯಿತ್ತು. ಇಡೀ ಆಟಕ್ಕೆ ಕ್ಯಾಸೆಟ್ಟಿನಲ್ಲಿ ನನಗಿದ್ದ ಜಾಗ ಮೊಬೈಲಿನ ಒಂದು ಫೋಟೋಗೂ ಸಾಲದು. ವಾರಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ದಾರಿ ಹೊಳೆಯಿತು. ಎಳೆಯುವವರನ್ನು ಮರಳು, ಆಕಾಶಗಳ ಹಾಗೆ ಹಿನ್ನೆಲೆಯ ಚಿತ್ರದಲ್ಲೇ ಬರೆದೆ. ಒಂದು ಸಾಲಿನಲ್ಲಿ ಇಷ್ಟೇ ಜನ ಎಂಬ ಮಿತಿ ಹಿನ್ನೆಲೆಗೆ ಇಲ್ಲ. ಅದರ ತುಂಡುಗಳನ್ನು ಪಟಪಟನೆ ಬದಲಿಸಿದರೆ ಹನ್ನೆರಡು ಜನರೂ ಒಟ್ಟಿಗೆ ಹೆಜ್ಜೆ ಇಡುತ್ತಾರೆ.

ಆ ಹೆಜ್ಜೆಯೂ ತಪ್ಪೆಂದು ಅಪ್ಪನ ತಕರಾರು. ಲುಂಗಿ ಎತ್ತಿ ಕಟ್ಟಿ, ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಚಾವಡಿಯಲ್ಲೇ ಹಿಂದಕ್ಕೆ ನಡೆದು ತೋರಿಸಿದರು. ಕೊನೆಯವನು ಹಗ್ಗ ಬಿಟ್ಟು ಓಡಿ, ನೀರಿನ ಅಂಚಿನಲ್ಲಿ ಮತ್ತೆ ಹಿಡಿಯಬೇಕಂತೆ. ನನ್ನ ಆಟಕ್ಕೆ ಬೇಕಾಗಿದ್ದದ್ದು ಅದೇ: ಆ ಓಡುವವನೇ ಆಟಗಾರ.

ಆಟ ಮುಗಿದ ಭಾನುವಾರ ಅಪ್ಪ ತಮ್ಮ ಜೊತೆ ಬಲೆ ಎಳೆದಿದ್ದ ಮೂವರನ್ನು ಕರೆತಂದರು. ಟಿ.ವಿ.ಯ ಹನ್ನೆರಡು ಜನರಲ್ಲಿ ಒಬ್ಬರೂ ಮಾಯವಾಗಲಿಲ್ಲ. ಬಲೆ ದಡ ಮುಟ್ಟಿದಾಗ ಬಂಗುಡೆ ಮೀನುಗಳು ಪುಟಿದವು.

ಹಿರಿಯರೊಬ್ಬರು ಮಾತ್ರ ಹುಬ್ಬು ಗಂಟಿಕ್ಕಿದರು. "ಚಂದ ಉಂಟು ಮಾರಾಯ್ತಿ. ಆದರೆ ಬಲೆಗೆ ಎರಡು ಹಗ್ಗ ಅಲ್ವಾ? ಆಚೆಯದನ್ನು ಎಳೆಯುವುದು ಯಾರು?"

"ನೀವು" ಎಂದು ಗೇಮಿನ ಎರಡನೆಯ ರಿಮೋಟನ್ನು ಅವರ ಕೈಗಿಟ್ಟೆ.