ರಾಹೇಲವ್ವನ ತಾಲೀಮು

ಪ್ರತಾಪ ನಗರದ ಆ ಹಳೇ ಕಟ್ಟಡದಲ್ಲಿ ಭಾನುವಾರ ಸಂಜೆ ಹೊಸಬರು ಯಾರಾದರೂ ಮೆಟ್ಟಿಲು ಹತ್ತಿದರೆ ಎದೆ ಧಸಕ್ಕೆನ್ನುತ್ತಿತ್ತು. ಬಾಗಿಲು ತೆರೆದೇ ಇರುವ ಮನೆ. ನಡುಮನೆಯ ಮಂಚದ ಮೇಲೆ ಬಿಳಿ ಸೀರೆಯುಟ್ಟು, ಎದೆಯ ಮೇಲೆ ಕೈ ಜೋಡಿಸಿ, ಕಣ್ಣು ಮುಚ್ಚಿ ಮಲಗಿದ ಮುದುಕಿ. ಸುತ್ತ ನಿಂತು ಹಾಡುವ ಜನ. ಒಮ್ಮೆ ಕೊರಿಯರ್ ತಂದವನೊಬ್ಬ ಪಾಪ, ಚಪ್ಪಲಿ ಬಿಟ್ಟು ಕೈಮುಗಿದು ನಿಂತುಬಿಟ್ಟ. ಆಗ ಹೆಣ ಎದ್ದು ಕೂತು, "ಏ ಉದಯಾ, ಸಹಿ ಮಾಡಿ ತಗೋ. ಉಳದವ್ರು ಮತ್ತ ಮೊದಲಿಂದ" ಎಂದಿತು. ಆಮೇಲೆ ಆತ ಎಂದೂ ಮೇಲೆ ಬರಲಿಲ್ಲ. ಕೆಳಗಿನಿಂದಲೇ ಫೋನು ಮಾಡುತ್ತಿದ್ದ.

ರಾಹೇಲವ್ವ ಬೆಟಗೇರಿಯ ಕ್ರೈಸ್ತರ ಮನೆಯ ಮಗಳು. ಗಂಡನ ರೇಲ್ವೆ ನೌಕರಿಯ ಬೆನ್ನು ಹತ್ತಿ ನಾಗಪುರಕ್ಕೆ ಬಂದವಳು, ಗಂಡ ತೀರಿದ ಮೇಲೂ ಮಗ ಉದಯನ ಜೊತೆ ಇಲ್ಲೇ ಉಳಿದಳು. ಮೇ ತಿಂಗಳ ಆ ಕೆಟ್ಟ ಬಿಸಿಲಲ್ಲೂ ಸದರ್ ಬಡಾವಣೆಯ ಚರ್ಚಿಗೆ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚು ಹಿಡಿಯುವವಳು. ಅಲ್ಲಿ ಆರಾಧನೆ ಮರಾಠಿಯಲ್ಲಿ. ದೇವರಿಗೆ ಮರಾಠಿ ಬರುತ್ತದೆಂದು ಅವಳು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಳು. ಆದರೆ ತನ್ನನ್ನು ಮಣ್ಣು ಮಾಡುವ ದಿನ ಮಾತ್ರ ಕನ್ನಡದಲ್ಲೇ ಕಳಿಸಿಕೊಡಬೇಕು, ಅದೂ ತನ್ನ ಅಜ್ಜ ಮಗ್ಗದ ಮುಂದೆ ಕೂತು ಕಟ್ಟಿದ ನಾಲ್ಕು ಚರಣದ ಹಾಡು ಹಾಡಿಯೇ ಕಳಿಸಬೇಕು ಎಂದು ಹಟ ಹಿಡಿದಿದ್ದಳು. ಯಾವ ಪುಸ್ತಕದಲ್ಲೂ ಇಲ್ಲದ ಹಾಡು. ಭೂಮಿಯ ಮೇಲೆ ಅದನ್ನು ಬಲ್ಲವಳು ಈಗ ಅವಳೊಬ್ಬಳೇ.

ಅದಕ್ಕೇ ಈ ತಾಲೀಮು. ಹಾಡುವವರು ಉದಯ್, ಅವನ ಮಗಳು ಗ್ರೀಷ್ಮಾ, ವಾಯುಪಡೆಯಿಂದ ನಿವೃತ್ತರಾದ ಕೆಳಮನೆಯ ಕೊಡಗಿನ ಉತ್ತಪ್ಪನವರು ಮತ್ತು ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ, ಹಂಸಾ ಮಾವಶಿ. ಉತ್ತಪ್ಪನವರು ಕಾವೇರಮ್ಮನ ಭಕ್ತರು, ಮಾವಶಿ ಗಣಪತಿಯ ಕಡೆಯವಳು. ಅದರಿಂದ ಸ್ವರಕ್ಕೇನೂ ತೊಂದರೆಯಿಲ್ಲ ಎಂದು ರಾಹೇಲವ್ವ ತೀರ್ಮಾನಿಸಿದ್ದಳು. ಒಂದು ಚರಣ ಬರೋಬರ್ ಬರುವ ತನಕ ಮುಂದಿನದನ್ನು ಹೇಳಿಕೊಡುವುದಿಲ್ಲ ಎಂಬುದು ಅವಳ ಕಾನೂನು. ಎರಡನೇ ಚರಣದಲ್ಲಿ ರಾಗ ಮೇಲಕ್ಕೆ ಹತ್ತಿ ಒಂದು ಉಸಿರಿನಷ್ಟು ನಿಲ್ಲಬೇಕು. ಉತ್ತಪ್ಪನವರು ಅಲ್ಲಿ ನಿಲ್ಲದೆ ಮುನ್ನುಗ್ಗುತ್ತಿದ್ದರು, ಅವರ ಹಿಂದೆ ಉಳಿದವರೂ ಬೀಳುತ್ತಿದ್ದರು. ವರ್ಷಗಟ್ಟಲೆ ತಾಲೀಮು ಅಲ್ಲೇ ನಿಂತಿತ್ತು.

"ಬರದಾದ್ರೂ ಇಡಬಾರದೇನ ಅಜ್ಜಿ?" ಎಂದು ಗ್ರೀಷ್ಮಾ ಕೇಳಿದ್ದಳು.

"ಬರದ್ರ ನಿನಗ ಓದಾಕ ಬರ್ತೈತೇನ?"

ನಾಗಪುರದಲ್ಲೇ ಬೆಳೆದ ಗ್ರೀಷ್ಮಾಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. "ಹಂಗಾದ್ರ ಫೋನಿನಾಗ ರೆಕಾರ್ಡ್ ಮಾಡ್ತೀನಿ."

"ನಾ ಸತ್ತ ದಿನ ಫೋನು ಹಾಡೂದಾದ್ರ ನಿಮ್ಮನ್ನೆಲ್ಲಾ ಯಾಕ ಸಾಕಬೇಕಿತ್ತು?"

ಗ್ರೀಷ್ಮಾಳಿಗೆ ಇದೆಲ್ಲ ನಗೆಯ ವಿಷಯವಾಗಿತ್ತು, ಡಾಕ್ಟರು ಅಜ್ಜಿಯ ಹೃದಯ ಸೋತಿದೆ ಎಂದು ಹೇಳುವ ತನಕ. ಅಂದು ಸಂಜೆ ಊಟದ ಮುಂಚಿನ ಪ್ರಾರ್ಥನೆಯಲ್ಲಿ ರಾಹೇಲವ್ವ ಗಟ್ಟಿಯಾಗಿಯೇ ವ್ಯವಹಾರಕ್ಕಿಳಿದಳು: "ಕರ್ತನೇ, ಡಾಕ್ಟರ್ ಹೇಳಿದ್ದು ನೀನೂ ಕೇಳೀದಿ. ಆದ್ರ ಇವು ಇನ್ನೂ ಎರಡನೇ ಚರಣದಾಗ ಅದಾವ. ಹಾಡು ತಯಾರಾಗದ ಕರಕೊಂಡ್ರ ನನಗೂ ಅವಮಾನ, ನಿನಗೂ ಮರ್ಯಾದಿ ಅಲ್ಲ. ಸ್ವಲ್ಪ ತಡಿ. ಆಮೆನ್."

ಗ್ರೀಷ್ಮಾ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದಳು. ಮುಂದಿನ ಭಾನುವಾರ, ಶಾಲೆಯ ದಿನಗಳಿಂದ ಆ ಚರಣ ಚೆನ್ನಾಗಿ ಬರುತ್ತಿದ್ದ ಹುಡುಗಿ ಬೇಕೆಂದೇ ತಪ್ಪಿ ಹಾಡಿದಳು. ಪಕ್ಕಕ್ಕೆ ನೋಡಿದರೆ ಅಪ್ಪನೂ ಎಂದೂ ತಪ್ಪದ ಜಾಗದಲ್ಲಿ ತಪ್ಪುತ್ತಿದ್ದಾನೆ. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುವ ಹಂಸಾ ಮಾವಶಿಯಂತೂ ಮೊದಲ ಚರಣವನ್ನೇ ಕೆಡಿಸಿಬಿಟ್ಟಳು. ಅಷ್ಟು ಭಕ್ತಿಯಿಂದ ಅಷ್ಟು ಕೆಟ್ಟದಾಗಿ ಹಾಡಿದವರನ್ನು ನಾಗಪುರ ಕಂಡಿರಲಿಕ್ಕಿಲ್ಲ. ಮಂಚದ ಮೇಲಿನ ಹೆಣ ಬೈದೂ ಬೈದೂ ಕೆಂಪಾಗಿ, ಅಂದು ಎರಡು ರೊಟ್ಟಿ ಹೆಚ್ಚೇ ತಿಂದಿತು.

ಒಂದು ಭಾನುವಾರ ಮಾತ್ರ ಅನಾಹುತವಾಯಿತು. ಹೇಗೂ ಉತ್ತಪ್ಪನವರು ಕೆಡಿಸುತ್ತಾರೆಂಬ ನಂಬಿಕೆಯಲ್ಲಿ ಉಳಿದವರು ಮೈಮರೆತು ಹಾಡಿದರು. ಉತ್ತಪ್ಪನವರಿಗೋ ಅಂದು ನೆಗಡಿ, ಬರೀ ತುಟಿ ಆಡಿಸುತ್ತಿದ್ದರು. ರಾಗ ಮೇಲಕ್ಕೆ ಹತ್ತಿತು, ಉಸಿರಿನಷ್ಟು ನಿಂತಿತು, ಚೆಂದವಾಗಿ ಇಳಿಯಿತು. ಎರಡನೇ ಚರಣ ಮುಗಿದೇಹೋಯಿತು. ಮಂಚದಿಂದ ಸದ್ದಿಲ್ಲ. "ಬಾಪ್ ರೇ!" ಎಂದು ಮಾವಶಿ ಬಾಯಿಗೆ ಸೆರಗು ಒತ್ತಿಕೊಂಡಳು. ಗ್ರೀಷ್ಮಾ ಬೆರಳನ್ನು ಅಜ್ಜಿಯ ಮೂಗಿನ ಬಳಿ ಹಿಡಿದಳು.

ಒಂದು ಕಣ್ಣು ತೆರೆಯಿತು. "ಉತ್ತಪ್ಪನವರು ತಪ್ಪಿದ್ರು."

"ಅಮ್ಮಾ, ನಾನು ಹಾಡಲೇ ಇಲ್ಲ. ಗಂಟಲು ಕೂತುಬಿಟ್ಟಿದೆ."

"ಅದ ತಪ್ಪು. ಮತ್ತ ಮೊದಲಿಂದ."

ಎಲ್ಲರೂ ಮತ್ತೆ ಮೊದಲಿಂದ ಎತ್ತಿಕೊಂಡರು. ಸ್ವರ್ಗದ ಮೇಲೆ ಅಷ್ಟು ಭರವಸೆಯಿದ್ದ ಅಜ್ಜಿಗೆ ಪ್ರತಾಪ ನಗರ ಬಿಟ್ಟು ಹೋಗಲು ಮನಸ್ಸಿಲ್ಲವೆಂದು ಗ್ರೀಷ್ಮಾಳಿಗೆ ಅಂದು ತಿಳಿಯಿತು. ಅಡುಗೆಮನೆಗೆ ಹೋಗಿ ನಕ್ಕಳು, ಹಾಗೇ ಅತ್ತಳು.

ಕಳೆದ ಚಳಿಗಾಲ, ಬುಧವಾರ ಮಧ್ಯಾಹ್ನ, ಕಿತ್ತಳೆ ಸುಲಿಯುತ್ತ ಕೂತಿದ್ದ ರಾಹೇಲವ್ವ ಕೂತಲ್ಲೇ ಹೋದಳು. ಉದಯ್ ಅವಳ ಮುಂದೆ ಮೊಣಕಾಲೂರಿ, "ಅವ್ವಾ, ಇವತ್ತು ಭಾನುವಾರ ಅಲ್ಲಬೇ" ಎಂದು ಹೇಳುತ್ತಲೇ ಇದ್ದ.

ಮಾರನೇ ದಿನ ಸ್ಮಶಾನದಲ್ಲಿ ಪಾದ್ರಿಗಳು ಮರಾಠಿಯಲ್ಲಿ ಪ್ರಾರ್ಥಿಸಿ, ಇನ್ನು ಹಾಡಿ ಎಂದು ತಲೆಯಾಡಿಸಿದರು. ನಾಲ್ವರೂ ಎತ್ತಿಕೊಂಡರು. ಎರಡನೇ ಚರಣಕ್ಕೆ ಬಂದೊಡನೆ ರೂಢಿಯ ಬಲದಿಂದ ಒಬ್ಬೊಬ್ಬರು ಒಂದೊಂದು ಥರ ತಪ್ಪಿ, ಗಪ್ಪನೆ ನಿಂತು, ಪೆಟ್ಟಿಗೆಯ ಕಡೆ ನೋಡಿದರು. ಬೈಗುಳ ಬರಲಿಲ್ಲ. ಅಜ್ಜಿ ಸತ್ತಿದ್ದು ಗ್ರೀಷ್ಮಾಳಿಗೆ ತಾಗಿದ್ದು ಆಗಲೇ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ತಾನೇ ಮೊದಲಿಂದ ಶುರುಮಾಡಿದಳು. ಈ ಸಲ ಎಲ್ಲರೂ ನಿಲ್ಲಬೇಕಾದಲ್ಲಿ ನಿಂತರು, ಉತ್ತಪ್ಪನವರೂ ಸಹ. ಎರಡನೇ ಚರಣ ಮುಗಿಯಿತು. ಮುಂದಿನದು ಯಾರಿಗೂ ಬರುತ್ತಿರಲಿಲ್ಲ.

"ಝಾಲಂ ಕಾ?" ಮುಗಿಯಿತೇ ಎಂದು ಪಾದ್ರಿಗಳು ಮೆಲ್ಲಗೆ ಕೇಳಿದರು.

"ನಾಹಿ," ಎಂದಳು ಗ್ರೀಷ್ಮಾ. ಇನ್ನೂ ಎರಡು ಚರಣ ಇವೆ, ಅವು ಅಜ್ಜಿಗೆ ಮಾತ್ರ ಗೊತ್ತು, ಅವಳು ಹಾಡಿ ಮುಗಿಸಲಿ, ಆಮೇಲೆ ಮಣ್ಣು ಹಾಕೋಣ ಎಂದು ಮರಾಠಿಯಲ್ಲೇ ವಿವರಿಸಿದಳು.

ಪಾದ್ರಿಗಳು ಪೆಟ್ಟಿಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ತಲೆ ಬಾಗಿಸಿದರು. ಉತ್ತಪ್ಪನವರು ಪರೇಡಿನಲ್ಲಿದ್ದಂತೆ ನೆಟ್ಟಗೆ ನಿಂತರು. ಗುಂಡಿ ತೋಡಿದವರು ಸಲಿಕೆ ಊರಿಕೊಂಡು ಕಾದರು. ಆ ಎರಡು ಚರಣ ಎಷ್ಟು ಉದ್ದವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಮೊದಲ ಹಿಡಿ ಮಣ್ಣಿಗೆ ಯಾರೂ ಕೈಚಾಚಲಿಲ್ಲ.