ಸೇವ್ ಕೇಳಿದ್ರೆ ಒತ್ತಿಬಿಡಿ

ವಿಮಾ ಕಚೇರಿಯಿಂದ ನಿವೃತ್ತನಾದ ಮೇಲೆ ನನಗೆ ವರ್ಷಕ್ಕೊಂದು ಪರೀಕ್ಷೆ. ಪ್ರತಿ ನವೆಂಬರಿನಲ್ಲಿ, ನಾನು ಇನ್ನೂ ಬದುಕಿದ್ದೇನೆ ಎಂದು ಪಿಂಚಣಿಯವರಿಗೆ ಆನ್‌ಲೈನಿನಲ್ಲಿ ತಿಳಿಸಬೇಕು. ಬದುಕಿರುವವನು ಬದುಕಿದ್ದೇನೆ ಎಂದು ಅರ್ಜಿ ಹಾಕುವುದು ಮೈ ಉರಿಯುವ ಸಂಗತಿ. ಮನೆಯಲ್ಲಿ ಹೆಂಡತಿ ಅಂಬುಜಾ ಎದುರು ಉರಿದುಕೊಂಡರೆ ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಇಂದಿರಾನಗರದ ನಮ್ಮ ಸ್ಟಾಫ್ ಕಾಲೊನಿಯಿಂದ ಬಸ್ಸು ಹತ್ತಿ, ಶಿವಾಜಿನಗರ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಸಾಲೇಹಾಳ ಅಂಗಡಿಗೆ ಹೋದೆ. ಒಂದು ಝೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್, ನಾಲ್ಕು ಕುರ್ಚಿ. ಆರು ವರ್ಷದ ಹಿಂದಿನ ಮಾತು.

ಆಕೆ ನನ್ನ ಅರ್ಜಿಗೆ ಕೈಯಿಡುವ ಬದಲು ಕೀಬೋರ್ಡನ್ನು ಮಗುಚಿ ಹಿಡಿದು ಬೆನ್ನು ತಟ್ಟುತ್ತಿದ್ದಳು. ಬಿಸ್ಕತ್ತಿನ ಪುಡಿ ಉದುರುತ್ತಿತ್ತು.

“ಇನ್ನೂ ಎಷ್ಟು ಹೊತ್ತಮ್ಮಾ?” ಎಂದೆ.

“ಎರಡೇ ನಿಮಿಷ ಸಾರ್. ಧೂಳಿದ್ರೆ ಒಂದು ಒತ್ತಿದ್ರೆ ಎರಡು ಬೀಳ್ತದೆ.” ನನ್ನ ಗುರುತಿನ ಚೀಟಿಯತ್ತ ಕಣ್ಣು ಹಾಯಿಸಿದಳು. “ನಿಮ್ಮ ಹೆಸರಲ್ಲಿ ಮೊದ್ಲೇ ಎರಡು ‘ಬಿ’ ಇದೆ ವೆಂಕಟಸುಬ್ಬಯ್ಯ ಸಾರ್. ಮೂರಾದ್ರೆ ಫಾರ್ಮು ವಾಪಸ್ ಬರ್ತದೆ.”

ಜಗಳ ಕಾಯಲು ಹೋದವನು ನಕ್ಕುಬಿಟ್ಟೆ. ಅಲ್ಲಿಂದ ಮುಂದೆ ಕೆಲಸವಿರಲಿ ಇಲ್ಲದಿರಲಿ, ತಿಂಗಳಿಗೊಮ್ಮೆ ಹೋಗಿ ಕೂರುವ ಅಭ್ಯಾಸವಾಯಿತು. ಸಾಲೇಹಾ ನನ್ನ ಮಗಳ ವಯಸ್ಸಿನವಳು. ಗಂಡ ಅಫ್ಜಲ್ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಆಕೆ ಓದಿದ್ದು ಪಿಯುಸಿ. ಆದರೆ ಕಂಪ್ಯೂಟರಿನ ಆರೈಕೆಯಲ್ಲಿ ಆಕೆಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಫ್ಯಾನಿನ ಧೂಳು ತೆಗೆಯಲು ಪೇಂಟ್ ಬ್ರಷ್ಷು, ಪರದೆಗೆ ಹಳೆಯ ಮಲ್ ಬಟ್ಟೆ. ಮನೆಯ ಕಂಪ್ಯೂಟರ್ ನಿಧಾನ ಎಂದು ನಾನು ಗೊಣಗಿದರೆ, “ಎಷ್ಟು ಟ್ಯಾಬ್ ತೆಗ್ದಿಟ್ಟಿದ್ದೀರಿ?” ಎಂದು ಕೇಳುತ್ತಿದ್ದಳು. ನಲವತ್ತು ಎಂದರೆ, “ನಲವತ್ತು ಜನರನ್ನ ಮನೇಲಿ ಕೂರಿಸ್ಕೊಂಡು ಅಡುಗೆ ತಡ ಆಯ್ತು ಅಂತೀರಲ್ಲ” ಎನ್ನುವಳು. ಅಪ್‌ಡೇಟನ್ನು ‘ನಾಳೆ’ ಎಂದು ಮುಂದೂಡಬಾರದು, ವಾರಕ್ಕೊಮ್ಮೆ ಪೂರ್ತಿ ಬಂದ್ ಮಾಡಿ ಶುರು ಮಾಡಬೇಕು, ಗೊತ್ತಿಲ್ಲದ ಕಡೆಯಿಂದ ಏನನ್ನೂ ಇಳಿಸಿಕೊಳ್ಳಬಾರದು. ಎಲ್ಲ ಅವಳೇ ಕಲಿಸಿದ್ದು.

ಆಕೆಯ ನಿಜವಾದ ಹೆಮ್ಮೆ ಬೇರೆ. ಗಿರಾಕಿ ಎದ್ದು ಹೋಗುವ ಮುನ್ನ ಅವರ ಕಣ್ಣೆದುರೇ ಬ್ರೌಸರಿನ ಹಿಸ್ಟರಿ ತೆಗೆದು, ಅಲ್ಲಿ ಕಾಣುವ ಮೂರು ಸಾಲಿಗೂ ಟಿಕ್ ಹಾಕಿ ಅಳಿಸಿ, ಪರದೆಯನ್ನು ಅವರತ್ತ ತಿರುಗಿಸುತ್ತಿದ್ದಳು. “ನೋಡ್ಕೊಳ್ಳಿ, ಸಾಫ್.” ಅಕ್ಷರ ಬಾರದ ಮುದುಕಿಗೂ ಹಾಗೇ ತೋರಿಸುತ್ತಿದ್ದಳು. ಅದಕ್ಕೇ ಆ ಗಲ್ಲಿಯ ಜನ ಪಾಸ್‌ವರ್ಡನ್ನು ಸಾಲಿನಲ್ಲಿ ನಿಂತೇ ಕೂಗಿ ಹೇಳುತ್ತಿದ್ದರು, ತರಕಾರಿಯವನಿಗೆ ಅರ್ಧ ಕೇಜಿ ಎಂದು ಹೇಳಿದಂತೆ.

ಇನ್ನೊಂದು ನಿಯಮವೂ ಇತ್ತು. ಒಮ್ಮೆ ಯಾರೋ ಹೆಂಗಸಿನ ದೊಡ್ಡ ಅರ್ಜಿ, ತುಂಬಿ ಮುಗಿಯುವಷ್ಟರಲ್ಲಿ ಕರೆಂಟು ಹೋಗಿ ಎಲ್ಲ ಮಾಯವಾಯಿತಂತೆ. ಆ ಹೆಂಗಸು ಅಂಗಡಿಯಲ್ಲೇ ಕೂತು ಅತ್ತಿದ್ದಳಂತೆ. ಅಂದಿನಿಂದ ಸಾಲೇಹಾ ಎಲ್ಲರಿಗೂ ಹೇಳುವ ಮಾತು ಒಂದೇ: “ಸೇವ್ ಕೇಳಿದ್ರೆ ಒತ್ತಿಬಿಡಿ.” ಪಾಸ್‌ವರ್ಡ್ ಹಾಕಿದ ಮೇಲೆ ಮೂಲೆಯಲ್ಲಿ ಸಣ್ಣದಾಗಿ ಇನ್ನೊಂದು ಸೇವ್ ಬರುತ್ತದಲ್ಲ, ಅದನ್ನೂ ಒತ್ತಬೇಕೇ ಎಂದು ಮೈದುನ ಆಸಿಮ್‌ನನ್ನು ಆಕೆ ಕೇಳಿದ್ದಳು. ಅಂಗಡಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟವನು ಅವನೇ. ಅದನ್ನೂ ಒತ್ತಿ ಭಾಭಿ, ಒಳ್ಳೇದೇ ಅಂದಿದ್ದ. ಲಾಗಿನ್ ಮಾಡುವಾಗ ಹಳೆಯ ಗಿರಾಕಿಗಳ ಹೆಸರು ತಾನಾಗಿ ಇಳಿದು ಬರುತ್ತದಲ್ಲ ಎಂದು ಮತ್ತೊಮ್ಮೆ ಕೇಳಿದಾಗ, ಹೆಸರು ಮಾತ್ರ ಉಳಿಯುತ್ತದೆ, ಅದು ವೆಬ್‌ಸೈಟಿನ ಗುಣ ಎಂದಿದ್ದ. ಮನೆಯ ಹುಡುಗ, ಕಂಪ್ಯೂಟರ್ ಓದಿದವನು. ಆಕೆ ಮೂರನೆಯ ಸಲ ಕೇಳಲಿಲ್ಲ.

ಹೋದ ವರ್ಷ ಜೂನಿನಲ್ಲಿ ನಾನು ಅಲ್ಲಿ ಕೂತಿದ್ದಾಗ ಮಾನಮ್ಮ ಬಂದಳು. ಕುಕ್ ಟೌನಿನ ಬಂಗಲೆಯೊಂದರಲ್ಲಿ ಅಡುಗೆ ಮಾಡುವವಳು. ಮಗಳ ಹಾಸ್ಟೆಲ್ ಅರ್ಜಿಯನ್ನು ಹದಿನೈದು ದಿನದ ಹಿಂದೆ ಸಾಲೇಹಾಳ ಹತ್ತಿರವೇ ಹಾಕಿಸಿದ್ದಳು.

“ಅಕ್ಕಾ, ನಿಮ್ ಬಾಣಸವಾಡಿ ಬ್ರಾಂಚ್‌ನಲ್ಲಿ ಕೆಲ್ಸ ಆಯ್ತು. ಹೇಳಿ ಹೋಗಾಣ ಅಂತ ಬಂದೆ” ಎಂದಳು.

“ನಮಗೆ ಯಾವ ಬ್ರಾಂಚ್ ಇದೆ ಮಾನಮ್ಮ?”

“ರೈಲ್ವೆ ಸ್ಟೇಷನ್ ಹತ್ರ ಇರೋದು. ಅವ್ರೇ ಫೋನ್ ಮಾಡಿದ್ರು, ಜಾತಿ ಸರ್ಟಿಫಿಕೇಟ್ ನಂಬರ್ ತಪ್ಪಾಗಿದೆ, ಬಂದು ಐನೂರು ಕೊಟ್ಟು ಸರಿ ಮಾಡಿಸ್ಕೊ ಅಂತ. ಹೋದ್ರೆ ನಿಮ್ ಮೈದುನ ಕೂತಿದ್ರು. ನಾನು ಪಾಸ್‌ವರ್ಡ್ ಹೇಳೇ ಇಲ್ಲ, ಅವ್ರೇ ತೆಗೆದ್ಬಿಟ್ರು. ನೀವೇ ಕಳಿಸಿರ್ತೀರಿ ಅಂದ್ಕೊಂಡೆ.”

ಸಾಲೇಹಾ ಮಾನಮ್ಮನ ಚೀಲದಲ್ಲಿದ್ದ ಎರಡು ಕಾಗದ ತೆಗೆಸಿದಳು. ತನ್ನ ಅಂಗಡಿಯಲ್ಲಿ ಅರ್ಜಿ ಹಾಕಿದ ದಿನ ಪ್ರಿಂಟ್ ಮಾಡಿದ್ದರಲ್ಲಿ ನಂಬರು ಸರಿಯಾಗಿಯೇ ಇತ್ತು. ಬಾಣಸವಾಡಿಯವರು ತೋರಿಸಿ ಕೊಟ್ಟ ‘ತಪ್ಪು’ ಪ್ರತಿಯಲ್ಲಿ ಕೊನೆಯ ಅಂಕಿ ಬೇರೆ. ಅಂದರೆ ತಪ್ಪು ಆಮೇಲೆ ಒಳಗೆ ಸೇರಿದೆ. ಸೇರಿಸಿದವನೇ ಫೋನು ಮಾಡಿ ಕರೆದಿದ್ದಾನೆ.

ಆಕೆ ಬ್ರೌಸರಿನ ಸೆಟ್ಟಿಂಗ್ಸ್ ತೆರೆದಳು. ಹಿಸ್ಟರಿ ಖಾಲಿ. ಆದರೆ ಪಾಸ್‌ವರ್ಡ್‌ಗಳದ್ದು ಬೇರೆಯೇ ಒಂದು ಕೋಣೆ. ಅಲ್ಲಿಗೆ ಆಕೆ ಎಂದೂ ಕಾಲಿಟ್ಟಿರಲಿಲ್ಲ. ತೆರೆದರೆ ಮುನ್ನೂರಕ್ಕೂ ಹೆಚ್ಚು ಹೆಸರು. ಮಾನಮ್ಮನ ಮಗಳದ್ದು, ಎದುರು ಮನೆಯ ಇಮಾಮ್ ಬೀಯದ್ದು, ಇಸ್ತ್ರಿ ರಾಮಣ್ಣನದ್ದು. ನನ್ನದೂ, ಎರಡೂ ‘ಬಿ’ ಸಮೇತ. ಮೇಲ್ಗಡೆಯ ಮೂಲೆಯಲ್ಲಿ ಒಂದು ಪುಟ್ಟ ದುಂಡು ಚಿತ್ರ. ಅದನ್ನು ಒತ್ತಿದಾಗ ಆಸಿಮ್‌ನ ಇಮೇಲ್ ಬಂತು. ಇಲ್ಲಿ ಒತ್ತಿದ ಪ್ರತಿ ಸೇವ್ ಕೂಡ ಅವನ ಫೋನಿಗೂ ಹೋಗುತ್ತಿತ್ತು. ವರ್ಷಗಟ್ಟಲೆ ಆಕೆ ಜನರಿಗೆ ಪರದೆ ತಿರುಗಿಸಿ ಸಾಫ್ ಎಂದು ತೋರಿಸಿದ್ದು ಸುಳ್ಳಾಗಿತ್ತು, ಮತ್ತು ಆ ಸುಳ್ಳು ಆಕೆಯ ಬಾಯಿಂದ ಬಂದಿತ್ತು.

ಅಲ್ಲೇ ಫೋನು ಮಾಡಿದಳು. ಸ್ಪೀಕರಿನಲ್ಲಿ ಅವನ ದನಿ ಆರಾಮಾಗಿತ್ತು. “ತುಮೀಚ್ ಬೋಲೆ ನಾ ಭಾಭಿ, ಸೇವ್ ದಬಾವ್ ಬೋಲ್‌ಕೆ.” ಸೇವ್ ಒತ್ತಿ ಎಂದು ಹೇಳಿದ್ದು ನೀವೇ ಅಲ್ಲವೇ ಅಂತ. ಮೂವತ್ತು ವರ್ಷ ಕಂಟೋನ್ಮೆಂಟಿನಲ್ಲಿ ಕೆಲಸ ಮಾಡಿದ ನನಗೆ ಅಷ್ಟು ದಖ್ಖನಿ ಅರ್ಥವಾಗುತ್ತದೆ. ನಾಚಿಕೆಗೆಟ್ಟವನು. ಸಿಕ್ಕಿದ್ದರೆ ಈ ವಯಸ್ಸಿನಲ್ಲೂ ಕಪಾಳಕ್ಕೆ ಬಾರಿಸುತ್ತಿದ್ದೆ.

ಸಾಲೇಹಾ ಅಳಲಿಲ್ಲ. “ಅವ್ನು ಕದ್ದಿದ್ದಕ್ಕಲ್ಲ ಸಾರ್ ಬೇಜಾರು. ನನ್ ಕೈಯಿಂದ್ಲೇ ಕದಿಸ್ದ” ಎಂದಳು, ಅಷ್ಟೇ.

ಸಂಜೆ ಅಫ್ಜಲ್ ಬಂದ. ಅಣ್ಣನಾಗಿ ಅವನು ತಮ್ಮನನ್ನು ಬೈಯುತ್ತಾನೆಂದು ಕಾದೆ. “ಘರ್ ಕಾ ಮಾಮ್ಲಾ ಹೈ, ಚುಪ್ ರಹೋ” ಎಂದ. ಇದು ಮನೆಯೊಳಗಿನ ವಿಷಯ, ಎಲ್ಲ ಅಳಿಸಿ ಸುಮ್ಮನಿದ್ದುಬಿಡು, ಜನಕ್ಕೆ ಗೊತ್ತಾದರೆ ಅಂಗಡಿಗೆ ಯಾರು ಬರುತ್ತಾರೆ ಎಂಬುದು ಅವನ ಚಿಂತೆ. ಚಿಂತೆ ಸುಳ್ಳೇನಲ್ಲ. ಆ ಅಂಗಡಿಗಿದ್ದ ಆಸ್ತಿ ಎಂದರೆ ಜನರ ನಂಬಿಕೆ ಒಂದೇ. ಬಾಯಿ ಬಿಟ್ಟರೆ ಅದು ಹೋಗುತ್ತದೆ, ಬಿಡದಿದ್ದರೆ ಮುನ್ನೂರು ಮನೆಯ ಬೀಗದ ಕೈ ಆಸಿಮ್‌ನ ಜೇಬಿನಲ್ಲಿ ಉಳಿಯುತ್ತದೆ.

ಆಕೆ ಬಾಯಿ ಬಿಟ್ಟಳು. ನಾನು ಜೊತೆಗೆ ಹೋಗಿ ಪೊಲೀಸರಿಗೆ ದೂರು ಬರೆಸಿದೆ. ಮೂರು ದಿನ ಅಂಗಡಿಯ ಅರ್ಧ ಶಟರ್ ಎಳೆದು, ಪಟ್ಟಿಯಲ್ಲಿದ್ದವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. “ನನ್ನ ಅಂಗಡಿಯಿಂದ ತಪ್ಪಾಗಿದೆ. ಪಾಸ್‌ವರ್ಡ್ ಬದಲಾಯಿಸ್ಬಿಡಿ. ಬರೋಕೆ ಆಗದಿದ್ರೆ ನಾನೇ ಮನೆಗೆ ಬಂದು ಹೇಳ್ಕೊಡ್ತೀನಿ.” ಎಷ್ಟೋ ಜನ ಬೈದರು. ಇಮಾಮ್ ಬೀ ಎದುರು ಮನೆಯಲ್ಲಿದ್ದುಕೊಂಡೇ ಮಾತು ಬಿಟ್ಟಳು. ನಿಮ್ಮ ಮೈದುನ ಅಂತ ಒಂದು ಸಲಾನೂ ಹೇಳುತ್ತಿಲ್ಲವಲ್ಲ ಎಂದು ನಾನು ರೇಗಿದೆ. “ಅವ್ರು ಬಂದಿದ್ದು ನನ್ನ ಹತ್ರ ಸಾರ್” ಎಂದಳು.

ಗಿರಾಕಿ ಅರ್ಧಕ್ಕಿಳಿಯಿತು. ನಾನು ಕಾಲೊನಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಸಾಲೇಹಾಳ ಪ್ರಾಮಾಣಿಕತೆಯ ಬಗ್ಗೆ ಭಾಷಣ ಬಿಗಿದೆ. ಜನ ಕೃತಘ್ನರು, ನಾನಂತೂ ಅವಳ ಕೈಬಿಡುವವನಲ್ಲ ಎಂದು ಅಂಬುಜಾಳ ಮುಂದೆ ಕೊಚ್ಚಿಕೊಂಡೆ.

ನವೆಂಬರ್ ಬಂತು. ಹೋದೆ. ಈಗ ಅಲ್ಲಿ ಪಾಸ್‌ವರ್ಡನ್ನು ಅವರವರೇ ಒತ್ತಬೇಕು. ಸಾಲೇಹಾ ಕೀಬೋರ್ಡನ್ನು ನನ್ನತ್ತ ಸರಿಸಿ ಪಕ್ಕದಲ್ಲಿ ನಿಂತಳು. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದೆ. ನಾಲ್ಕನೆಯದೋ ಐದನೆಯದೋ ಅಕ್ಷರಕ್ಕೆ ಬಂದಾಗ ನನ್ನ ಎಡಗೈ ಕಾಣಿಸಿತು. ಅದು ಆಕೆ ನಿಂತಿದ್ದ ಕಡೆಗೆ ಅಡ್ಡ ನಿಂತು ಕೀಬೋರ್ಡನ್ನು ಮರೆಮಾಡಿತ್ತು. ಯಾವಾಗ ಇಟ್ಟೆನೋ ನನಗೇ ತಿಳಿಯಲಿಲ್ಲ. ತೆಗೆದರೆ ಇಟ್ಟದ್ದು ಎದ್ದು ಕಾಣುತ್ತದೆ, ಇಟ್ಟರೆ ಇಟ್ಟ ಹಾಗೆಯೇ.

ಸಾಲೇಹಾ ಎಂದಿನ ಪಾಠ ಹೇಳುವ ದನಿಯಲ್ಲೇ ಹೇಳಿದಳು: “ಕೈ ಇನ್ನೂ ಸ್ವಲ್ಪ ಮೇಲೆ ಹಿಡೀರಿ ಸಾರ್, ಇಲ್ಲಿಗೆ ಕಾಣ್ತಿದೆ.” ಆಮೇಲೆ ಗೋಡೆಯ ಕಡೆ ತಿರುಗಿ ನಿಂತಳು.